ಅಪ್ಪಾಜಿ ಕಿವಿ ಮಷಿನ್ ಆಪ್‌ಗೆ ಸಿಗ್ತದೆ, ಫೋನ್ ಕಾಲ್‌ಗೆ ಮಾತ್ರ ಸಿಗಲ್ಲ. ಯಾರಿಗಾದ್ರೂ ಹಿಂಗಾಗಿದ್ಯಾ?

ವಿದ್ಯಾನಗರದ_ಮಗಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಬೇಜಾರ್ ಮಾಡ್ಕೋಬೇಡಿ. ನಮ್ಮ ಅಪ್ಪಾಜಿಗೆ 71. ದಾವಣಗೆರೆಲೇ ಕಾಟನ್ ಮಿಲ್‌ನಲ್ಲಿ ಮಗ್ಗದ ಕಡೆ 26 ವರ್ಷ ದುಡಿದವ್ರು, ಮಿಲ್ ಮುಚ್ಚಿದ್ಮೇಲೆ ಮಂಡಿಲಿ ಲೆಕ್ಕ ಬರೀತಿದ್ರು. ಕಿವಿ ಮಂದ ಅನ್ನೋದು ಮನೇಲಿ ಹತ್ತು ವರ್ಷದಿಂದ ಎಲ್ರಿಗೂ ಗೊತ್ತು, ಅವ್ರೊಬ್ರಿಗೇ ಗೊತ್ತಿರ್ಲಿಲ್ಲ, "ನೀವೇ ಬಾಯೊಳಗೆ ಗೊಣಗ್ತೀರಿ" ಅಂತಿದ್ರು. ನನ್ನ ಅಣ್ಣನ ಮಗಳು ಬೆಂಗಳೂರಿಂದ ವಿಡಿಯೋ ಕಾಲ್ ಮಾಡ್ತಾಳೆ, ಅವಳು ಏನು ಕೇಳಿದ್ರೂ ಇವ್ರು "ಹ್ಞೂ ಊಟ ಆತು" ಅಂತಾನೇ ಉತ್ತರ. ಒಂದಿನ ಅವಳು ಸ್ಕೂಲಲ್ಲಿ ಬಿದ್ದು ಕೈ ಮುರ್ಕೊಂಡಿದ್ದು ಹೇಳಿದಾಗಲೂ ಇವ್ರು ನಗ್ತಾ ಊಟ ಆತು ಅಂದ್ರು, ಮಗು ಅತ್ತುಬಿಡ್ತು. ಅದಾದ್ಮೇಲೆ ಒಪ್ಕೊಂಡ್ರು ನೋಡಿ.

ಮಷಿನ್ ಬಂದು ಮೂರು ವಾರ ಆಯ್ತು. ಕಿವಿ ಹಿಂದೆ ಕೂತು ಸಣ್ಣ ವೈರ್ ಒಳಗೆ ಹೋಗ್ತದಲ್ಲ ಆ ಥರದ್ದು, ಚಾರ್ಜಿಂಗ್ ಟೈಪು, ಜೋಡಿಗೆ 1 ಲಕ್ಷ 40 ಸಾವಿರ. ಡಬ್ಬದ ಮೇಲೆ ದೊಡ್ಡದಾಗಿ ಬ್ಲೂಟೂತ್ ಅಂತ ಇದೆ. ಅಪ್ಪಾಜಿ ಫೋನು 11 ಸಾವಿರದ ಆಂಡ್ರಾಯ್ಡ್. ಕಂಪನಿ ಆಪ್ ಹಾಕಿದ್ವಿ, ಎರಡೂ ಮಷಿನ್ ತೋರಿಸ್ತು, ಆಪಲ್ಲಿ ವಾಲ್ಯೂಮ್ ಏರಿಸಿದ್ರೆ ಏರ್ತದೆ ಇಳಿಸಿದ್ರೆ ಇಳೀತದೆ, ಚಾರ್ಜ್ ಎಷ್ಟಿದೆ ಅಂತನೂ ಬರ್ತದೆ. ಆದ್ರೆ ಕಾಲ್ ಬಂದ್ರೆ ಸೌಂಡು ಫೋನಿಂದಲೇ, ಕಿವಿಗೆ ಬರಲ್ಲ. ಮಷಿನ್ ಅಂಗಡಿಯವ್ರು ಫೋನ್ ಸರಿ ಇಲ್ಲ ಅಂತಾರೆ. ಫೋನ್ ಅಂಗಡಿ ಹುಡುಗ ಒಂದು ಇಯರ್‌ಬಡ್ಸ್ ಕನೆಕ್ಟ್ ಮಾಡಿ "ನೋಡ್ರಿ ಅಕ್ಕ ಬ್ಲೂಟೂತ್ ಕರೆಕ್ಟ್ ಐತಿ, ನಿಮ್ ಮಷಿನ್ದೇ ಪ್ರಾಬ್ಲಮ್" ಅಂತಾನೆ. ಎರಡು ಅಂಗಡಿ ಮಧ್ಯ ಆಟೋಗೆ ಕೊಟ್ಟ ದುಡ್ಡಲ್ಲಿ ಒಂದು ವಾರ ಬೆಣ್ಣೆದೋಸೆ ತಿನ್ಬಹುದಿತ್ತು.

ಟಿವಿದು ಇನ್ನೊಂದು ಕಥೆ, ಮಷಿನ್ ಹಾಕ್ಕೊಂಡ್ರೂ ವಾಲ್ಯೂಮ್ 45ರಲ್ಲೇ ಇರ್ತದೆ. ಎದುರು ಮನೆಯವ್ರು ಅವರ ಟಿವಿ ಹಾಕೋದೇ ಇಲ್ಲ, ವಾರ್ತೆ ನಮ್ಮನೇದೇ ಕೇಳ್ತಾರೆ.

ಕೋಟೆನಾಡು_ಕರಿಯ:

ಅಕ್ಕ ಮಷಿನ್ನೂ ಸರಿ ಐತೆ ಫೋನೂ ಸರಿ ಐತೆ, ಇಬ್ರೂ ಸುಳ್ ಹೇಳ್ತಿಲ್ಲ, ಎರಡರ ಭಾಷೆ ಬೇರೆ ಬೇರೆ ಅಷ್ಟೆ. ನಾನು ಚಿತ್ರದುರ್ಗದವನು, ವಯಸ್ಸು 34, 14 ವರ್ಷದಿಂದ ಎರಡೂ ಕಿವಿಗೆ ಹಾಕ್ತಿದೀನಿ, ಈಗಿರೋದು ಮೂರನೇ ಜೋಡಿ. ಎರಡನೇ ಜೋಡಿ ತಗೊಂಡಾಗ ನಾನೂ ಇದೇ ಗುಂಡಿಗೆ ಬಿದ್ದಿದ್ದೆ.

ಆಪ್ ಕೆಲಸ ಮಾಡೋಕೆ ಬೇಕಾಗಿರೋದು ಚೂರೇ ಚೂರು ಡೇಟಾ, "ಎರಡು ಪಾಯಿಂಟ್ ಏರಿಸು" ಅಂತ ಚೀಟಿ ಕಳಿಸಿದಂಗೆ. ಅದಕ್ಕೆ ಲೋ ಎನರ್ಜಿ ಬ್ಲೂಟೂತ್ ಸಾಕು, ಈಗಿನ ಎಲ್ಲಾ ಫೋನಲ್ಲೂ ಅದು ಇರ್ತದೆ. ಮಾತು ಕಳಿಸೋದು ಹಂಗಲ್ಲ, ಕಾಲುವೆ ನೀರಿದ್ದಂಗೆ, ನಡುವೆ ನಿಲ್ಲಂಗಿಲ್ಲ, ಅದಕ್ಕೆ ಬೇರೆ ದಾರಿ ಬೇಕು. ಇಯರ್‌ಬಡ್ಸ್ ದಾರಿ ಮಾಮೂಲಿ ಬ್ಲೂಟೂತು, ಅದು ಕರೆಂಟ್ ಜಾಸ್ತಿ ತಿಂತದೆ, ಬಡ್ಸ್ ಆದ್ರೆ ನಾಕೈದು ಗಂಟೆಗೆ ಡಬ್ಬಿಗೆ ಹಾಕ್ತೀವಿ, ಕಿವಿ ಮಷಿನ್ ಬೆಳಗ್ಗೆ ಹಾಕಿದ್ರೆ ಮಲಗೋ ತನಕ ಬರ್ಬೇಕಲ್ಲ. ಅದಕ್ಕೇ ಆಪಲ್‌ನವ್ರು ಅವರದೇ ಒಂದು ದಾರಿ ಮಾಡ್ಕೊಂಡ್ರು, ಐಫೋನಿಗೆ ನೇರ ಸೇರೋ ಮಷಿನ್ 2014ಕ್ಕೇ ಬಂದ್ವು. ಗೂಗಲ್‌ನವ್ರು ಆಶಾ ಅಂತ ಇನ್ನೊಂದು ಮಾಡಿದ್ರು, 2019ರ ಆಂಡ್ರಾಯ್ಡ್ 10ರಿಂದ. ಹೆಸರು ಆಶಾ, ನಮ್ಮಂಥೋರಿಗೆ ಎಷ್ಟೋ ಸಲ ನಿರಾಶಾ, ಯಾಕಂದ್ರೆ ಫೋನಲ್ಲಿ ಆಂಡ್ರಾಯ್ಡ್ 10 ಅಲ್ಲ 14 ಇದ್ರೂ ಸಾಲಲ್ಲ, ಫೋನ್ ಮಾಡಿದ ಕಂಪನಿ ಅದನ್ನ ಕೂರಿಸಿ ಕಳಿಸಿರ್ಬೇಕು, ಕಮ್ಮಿ ರೇಟಿನ ಎಷ್ಟೋ ಫೋನಲ್ಲಿ ಇರಲ್ಲ. ಫೋನಾಕ್ ಅನ್ನೋ ಕಿವಿ ಮಷಿನ್ ಕಂಪನಿಯವ್ರು ಮಾತ್ರ 2018ರಲ್ಲಿ ಮಾರ್ವೆಲ್ ಅಂತ ಬಿಟ್ರಲ್ಲ ಅದರಲ್ಲಿ ಕಮ್ಮಿ ಕರೆಂಟ್ ತಿನ್ನೋ ಚಿಪ್ ಹಾಕಿ ಮಾಮೂಲಿ ಬ್ಲೂಟೂತನ್ನೇ ಇಟ್ರು, ಅದು ಕೀಪ್ಯಾಡ್ ಫೋನಿಗೂ ಸೇರ್ತದೆ, ಬ್ಲೂಟೂತ್ ಇದ್ರೆ. ಈಗ ಹೊಸದಾಗಿ ಎಲ್‌ಇ ಆಡಿಯೋ ಅಂತ ಬಂದೈತೆ, ಮುಂದೆ ಎಲ್ಲಾ ಅದೇ ಆಗ್ಬಹುದು, ಆದ್ರೆ ಅದಕ್ಕೂ ಫೋನು ಮಷಿನ್ನು ಎರಡೂ ಹೊಸವೇ ಬೇಕು.

ಅಂಗಡಿಲಿ "ಬ್ಲೂಟೂತ್ ಐತಾ" ಅಂತ ಕೇಳಿದ್ರೆ ಐತೆ ಅಂತಾರೆ, ಅದು ನಿಜನೂ ಹೌದು. ಕೇಳ್ಬೇಕಾಗಿದ್ದು "ಈ ಫೋನಿನ ಕಾಲು ಈ ಮಷಿನ್ನಲ್ಲಿ ಕೇಳಿಸಿ ತೋರ್ಸಿ" ಅಂತ. ಆಮೇಲೇ ದುಡ್ಡು.

ನಿಮ್ ಫೋನಲ್ಲಿ ಸೆಟಿಂಗ್ಸ್, ಆಕ್ಸೆಸಿಬಿಲಿಟಿ ಒಳಗೆ ಹೋಗಿ ಹಿಯರಿಂಗ್ ಡಿವೈಸಸ್ ಅಂತ ಐತಾ ನೋಡಿ ಹೇಳಿ. ಕೆಲವು ಫೋನಲ್ಲಿ ಹಿಯರಿಂಗ್ ಏಡ್ಸ್ ಅಂತಿರ್ತದೆ.

ವಿದ್ಯಾನಗರದ_ಮಗಳು:

ಅಪ್ಪಾಜಿ ಫೋನಲ್ಲಿ ಇಲ್ಲವೇ ಇಲ್ಲ! ನನ್ನ ಫೋನಲ್ಲಿ ಇದೆ!! ಮೂರು ವಾರದಿಂದ ಇದನ್ನ ಒಬ್ರೂ ಹೇಳ್ಲಿಲ್ಲ.

ಮಂಡಿಪೇಟೆ_ಮಾವ:

ತಂಗಿ, ನಾನು ಇದನ್ನ ಹಾಕಾಕ ಹತ್ತಿ ಆರು ವರ್ಷ ಆತು, ಸರ್ಕಾರದಿಂದ ಕೊಟ್ಟಿದ್ದು, ಬ್ಲೂಟೂತ್ ಇಲ್ಲ ಏನಿಲ್ಲ, ಸೆಲ್ ಹಾಕೋದು, ಕಿವಿ ಹಿಂದ ಇಡೋದು. 1 ಲಕ್ಷ 40 ಸಾವಿರ ಅಂದ್ರ ಒಂದು ಜೋಡಿ ಎತ್ತು ಬರ್ತಾವಲ್ಲವ್ವ. ಫೋನ್ ಬಂದ್ರ ನಾನು ಮಷಿನ್ ತೆಗದು ಜೋರಾಗಿ ಮಾತಾಡಂತೀನಿ, ಮುಗೀತು. ಸುಮ್ನ ಕಂಪನಿಯೋರು ಹೆದರಿಸಿ ಮಾರ್ತಾರ.

ಬಡವರು ಯಾರಾದ್ರು ಓದ್ತಿದ್ರ ಅಂತ ಹೇಳ್ತೀನಿ, ದಾವಣಗೆರ್ಯಾಗ ಕೇಂದ್ರ ಸರ್ಕಾರದ ಸಿಆರ್‌ಸಿ ಅಂತ ಅಂಗವಿಕಲರ ಸೆಂಟರ್ ಐತಿ, ಅಂಗವಿಕಲರಿಗೆ ಸಲಕರಣೆ ಕೊಡೋ ಅಡಿಪ್ ಅಂತ ಸ್ಕೀಮು, ತಿಂಗಳ ಆದಾಯ 22,500 ಒಳಗ ಇದ್ರ ಪೂರ್ತಿ ಉಚಿತ, 30,000 ತನಕ ಅರ್ಧ. ಆದ್ರ 40 ಪರ್ಸೆಂಟ್ ಅಂಗವಿಕಲ ಸರ್ಟಿಫಿಕೇಟ್ ಬೇಕು.

ಕೋಟೆನಾಡು_ಕರಿಯ:

ಮಾವ ತೆಗೆಯೋದ್ಯಾಕೆ, ಮಷಿನ್ ಹಾಕ್ಕೊಂಡೇ ಮಾತಾಡ್ಬಹುದು. ಎಲ್ರೂ ಫೋನನ್ನ ಕಿವಿ ತೂತಿಗೆ ಹಿಡೀತಾರೆ, ಅಲ್ಲಿ ಮೈಕ್ ಇಲ್ಲ. ಮೈಕ್ ಇರೋದು ಕಿವಿ ಮೇಲೆ ಹಿಂದುಗಡೆ, ಮಷಿನ್ ಬೆನ್ನಲ್ಲಿ. ಫೋನಿನ ಮೇಲ್ತುದಿನ ಅಲ್ಲಿಗೆ ಎತ್ತಿ ಓರೆಯಾಗಿ ಹಿಡೀರಿ, ಕೊಂಚ ಗ್ಯಾಪ್ ಬಿಟ್ಟು, ಇಲ್ಲಾಂದ್ರೆ ಕುಯ್ಯ್ ಅಂತದೆ. ನೋಡೋರಿಗೆ ತಲೆ ಕೆರ್ಕೊಂಡಂಗೆ ಕಾಣ್ತದೆ, ಕಾಣ್ಲಿ ಬಿಡಿ. ಮತ್ತೆ ನಿಮ್ ಮಷಿನ್ನಲ್ಲಿ ಎಂ ಮತ್ತೆ ಟಿ ಅಂತ ಸಣ್ಣ ಸ್ವಿಚ್ ಐತಾ? ಟಿ ಅಂದ್ರೆ ಟೆಲಿಕಾಯಿಲ್, ಹಳೇ ಲ್ಯಾಂಡ್‌ಲೈನ್ ರಿಸೀವರ್ ಹಿಡಿದ್ರೆ ಅದರ ಅಯಸ್ಕಾಂತದ ಅಲೆನೇ ನೇರ ಹಿಡ್ಕೊಳ್ತದೆ, ಸುತ್ತಲ ಗದ್ದಲ ಒಂದೂ ಬರಲ್ಲ.

ಮಂಡಿಪೇಟೆ_ಮಾವ:

ಟಿ ಐತಿ. ಆರು ವರ್ಷ ಅದು ಟೈಮಿಂದು ಅನ್ಕಂಡಿದ್ನೆಲ್ಲೋ ಮಾರಾಯ.

ಕಿವಿಶಾಸ್ತ್ರ:

ನಾನು ಆಡಿಯಾಲಜಿಸ್ಟು, ಅಂದ್ರೆ ಕಿವಿ ಕೇಳೋದನ್ನ ಪರೀಕ್ಷೆ ಮಾಡೋನು, ಊರು ಹರಿಹರ, ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ ಓದಿದ್ದು, ಈಗ ಬೆಂಗಳೂರಲ್ಲಿ ಕೆಲಸ. ಕರಿಯ ಅವ್ರು ಹೇಳಿದ್ದು ಸರಿ ಇದೆ. ಮೇಡಂ, ಅಪ್ಪಾಜಿ ಕಿವಿ ಪರೀಕ್ಷೆದು ಆಡಿಯೋಗ್ರಾಮ್ ಶೀಟ್ ಇದ್ರೆ ಅದರಲ್ಲಿ 4000 ಅಂತ ಬರ್ದಿರೋ ಗೆರೆ ಹತ್ರ ಎಷ್ಟಿದೆ ನೋಡ್ತೀರಾ?

ವಿದ್ಯಾನಗರದ_ಮಗಳು:

500ರಲ್ಲಿ 30, 1000ದಲ್ಲಿ 40, 4000ದಲ್ಲಿ 75 ಸರ್. ಬಲಗಿವಿ. ಎಡದ್ದೂ ಹೆಚ್ಚುಕಮ್ಮಿ ಹಂಗೇ.

ಕಿವಿಶಾಸ್ತ್ರ:

ಅಂದ್ಕೊಂಡೆ. 4000 ಅಂದ್ರೆ ಕೀಚು ಸದ್ದು, ಅದರ ಮುಂದಿನ ನಂಬರ್ ಜಾಸ್ತಿ ಇದ್ದಷ್ಟೂ ಕಿವಿ ಮಂದ. ಗದ್ದಲದಲ್ಲಿ ವರ್ಷಗಟ್ಟಲೆ ಇದ್ದವರ ಕಿವಿ ಮೊದಲು ಕೆಡೋದೇ ಆ 4000 ಹರ್ಟ್ಸ್ ಹತ್ರ, ಅದರ ಮೇಲೆ ವಯಸ್ಸಿಂದು ಸೇರ್ಕೊಳ್ತದೆ. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೊಗಳ್ತೀವಿ, ಆ ಮಗ್ಗದ ಶೆಡ್ಡೊಳಗೆ ನಿಂತೋರ ಕಿವಿ ಲೆಕ್ಕ ಯಾರೂ ಇಟ್ಟಿಲ್ಲ. ನಾನು ಸಣ್ಣವನಿದ್ದಾಗ ಮಿಲ್ ಕೆಲಸದವ್ರು ಬೀದಿಲೂ ಕೈಸನ್ನೆ ಮಾಡ್ಕೊಂಡೇ ಮಾತಾಡೋರು, ತಮಾಷೆ ಅನಿಸ್ತಿತ್ತು ಆಗ.

ಇಂಥವ್ರಿಗೆ ಸ್ವರ ಕೇಳ್ತದೆ, ಸ, ಶ, ಫ ಇಂಥವು ಕಳ್ದೋಗ್ತವೆ. ಸಾರು ಅಂದ್ರೆ ಆರು ಅಂತ ಬೀಳ್ತದೆ ಕಿವಿಗೆ. ಅದಕ್ಕೇ "ಕೇಳ್ತದೆ ಆದ್ರೆ ತಿಳಿಯಲ್ಲ" ಅಂತಾರೆ, ಅವ್ರು ಗೊಣಗ್ತೀರಿ ಅಂದಿದ್ದೂ ಅವರ ಕಿವಿ ಪ್ರಕಾರ ನಿಜಾನೇ. ಈಗ ಫೋನ್ ವಿಷಯಕ್ಕೆ ಬನ್ನಿ. ಹಳೇ ಥರದ ಕಾಲಲ್ಲಿ 300ರಿಂದ 3400 ಹರ್ಟ್ಸ್ ತನಕ ಮಾತ್ರ ಸೌಂಡ್ ಕಳಿಸ್ತಾರೆ, ಅಂದ್ರೆ ಸಕಾರದ ಮುಖ್ಯ ಭಾಗ ಫೋನಿಂದ ಹೊರಗೇ ಬರಲ್ಲ, ಎಷ್ಟು ದುಡ್ಡಿನ ಮಷಿನ್ ಇದ್ರೂ ಇಲ್ಲದ್ದನ್ನ ಕೇಳ್ಸೋಕಾಗಲ್ಲ. 4ಜಿ ಮೇಲೆ ಹೋಗೋ ಕಾಲು, ಅಂದ್ರೆ ವೋಲ್ಟಿ ಎಚ್‌ಡಿ ವಾಯ್ಸಲ್ಲಿ ಸುಮಾರು 7000 ತನಕ ಬರ್ತದೆ. ಸಿಮ್ ಸೆಟಿಂಗಲ್ಲಿ ವೋಲ್ಟಿ ಆನ್ ಇದ್ಯಾ ನೋಡಿ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮತ್ತೆ ಸ್ಟ್ರೀಮಿಂಗ್, ಅಂದ್ರೆ ಫೋನ್ ಸೌಂಡ್ ನೇರ ಮಷಿನ್ನಿಗೆ ಬರೋದು, ಶುರುವಾದ್ರೆ ಒಂದೇ ಕಾಲು ಎರಡೂ ಕಿವಿಗೆ ಬರ್ತದಲ್ಲ, ಅದರಿಂದಲೇ ಅರ್ಧ ಕಷ್ಟ ತಗ್ತದೆ.

ಕನೆಕ್ಟ್ ಮಾಡೋ ಮುಂಚೆ ಹಳೇ ಫೋನಲ್ಲಿ ಬ್ಲೂಟೂತ್ ಲಿಸ್ಟಿಂದ ಮಷಿನ್ ತೆಗೀರಿ, ಆ ಫೋನಿನ ಬ್ಲೂಟೂತ್ ಆಫ್ ಮಾಡಿ. ಮಷಿನ್ ಎರಡನ್ನೂ ಚಾರ್ಜರಿಗೆ ಇಟ್ಟು ತೆಗೀರಿ, ಆನ್ ಆದ್ಮೇಲೆ ಮೂರು ನಿಮಿಷದಷ್ಟು ಹೊತ್ತು ಮಾತ್ರ ಪೇರಿಂಗಿಗೆ ಬಾಗಿಲು ತೆರೆದಿರ್ತದೆ. ಹಿಯರಿಂಗ್ ಡಿವೈಸಸ್ ಒಳಗಿಂದಲೇ ಸೇರಿಸಿ.

ವಿದ್ಯಾನಗರದ_ಮಗಳು:

ಆಯ್ತೂ!!! ನನ್ನ ಫೋನ್‌ಗೆ ಹತ್ತು ನಿಮಿಷದಲ್ಲಿ ಸೇರ್ತು. ಮೊಮ್ಮಗಳಿಗೆ ಕಾಲ್ ಹಚ್ಚಿ ಕೊಟ್ಟೆ. ಅಪ್ಪಾಜಿ ಫೋನನ್ನ ಟೀಪಾಯ್ ಮೇಲಿಟ್ಟು ಕೈಕಟ್ಕೊಂಡು ಕೂತು ಮಾತಾಡಿದ್ರು, ಅವಳ ಸ್ಕೂಲಿನ ಮಿಸ್ ಹೆಸರು ಒಂದೇ ಸಲಕ್ಕೆ ತಿಳೀತು. ಆಮೇಲೆ ನನ್ನ ಫೋನೇ ಅವರಿಗೆ, ಅವರ 11 ಸಾವಿರದ್ದು ನನಗೆ. ಕ್ಯಾಮೆರಾ ಹೋಯ್ತು ನಂದು, ಇರ್ಲಿ.

ಒಂದೇ ತೊಂದರೆ, ಅವ್ರು ಫೋನ್ ರೂಮಲ್ಲೇ ಬಿಟ್ಟು ಹಿತ್ತಲಿಗೆ ಹೋದ್ರೆ ಅವರಿಗೆ ಅವಳ ಮಾತು ಕೇಳ್ತದೆ, ಅವಳಿಗೆ ಇವರದ್ದು ಕೇಳಲ್ಲ.

ಕೋಟೆನಾಡು_ಕರಿಯ:

ಹ್ಞಾಂ ಅಕ್ಕ, ಆಶಾದಲ್ಲಿ ಕೇಳೋದು ಮಷಿನ್ನಲ್ಲಿ, ಮಾತಾಡೋದು ಫೋನಿನ ಮೈಕಿಗೇ. ಫೋನ್ ಅಂಗೈಲೋ ಶರ್ಟಿನ ಮೇಲ್ಜೇಬಲ್ಲೋ ಇರ್ಬೇಕು, ಮೈಕಿನ ಕಡೆ ಮೇಲೆ ಮಾಡಿ. ನಮ್ಮಾವನೊಬ್ರು ಹೊಲದಲ್ಲಿ ಬನಿಯನ್ ಜೇಬಿಗೆ ಇಟ್ಕೊಂಡು ಮಾತಾಡ್ತಾರೆ, ಬರೀ ಉಜ್ಜೋ ಸದ್ದು.

ಕೇಬಲ್_ಸೀನ:

ಟಿವಿ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ನಾನು ಬಂದೆ, ನನ್ನ ಕೆಲಸ ಅದೇ. ಅಕ್ಕ, ಟಿವಿಲಿ ಬ್ಲೂಟೂತ್ ಇದ್ರೂ ನಿಮ್ ಥರದ ಮಷಿನ್ ಅದಕ್ಕೆ ಸಾಮಾನ್ಯ ಸೇರಲ್ಲ, ಟ್ರೈ ಮಾಡಿ ಟೈಮ್ ವೇಸ್ಟ್ ಮಾಡ್ಕೋಬೇಡಿ. ಮಷಿನ್ ಕಂಪನಿಯೋರದೇ ಟಿವಿ ಸ್ಟ್ರೀಮರ್ ಅಂತ ಸಣ್ಣ ಡಬ್ಬಿ ಬರ್ತದೆ, ನಮ್ ಕಸ್ಟಮರ್ ಒಬ್ರು 15 ಸಾವಿರ ಕೊಟ್ಟಿದ್ರು. ಅದನ್ನ ಟಿವಿ ಹಿಂದೆ ಆಪ್ಟಿಕಲ್ ತೂತಿಗೆ ಹಾಕ್ಬೇಕು, ಕೆಂಪು ಲೈಟ್ ಕಾಣ್ತದಲ್ಲ ಅದು. ಹಾಕಿ ಸೌಂಡ್ ಬರ್ಲಿಲ್ಲ ಅಂದ್ರೆ ಟಿವಿ ಕೆಟ್ಟಿದೆ ಅನ್ಬೇಡಿ, ಆಡಿಯೋ ಸೆಟಿಂಗಲ್ಲಿ ಡಿಜಿಟಲ್ ಔಟ್‌ಪುಟ್ ಡಾಲ್ಬಿ ಅಂತ ಇರ್ತದೆ, ಪಿಸಿಎಂ ಮಾಡಿ, ಹತ್ತರಲ್ಲಿ ಎಂಟು ಮನೇಲಿ ನಾನು ಮಾಡಿದ್ದು ಇಷ್ಟೇ. ಇನ್ನೊಂದು, ಕೆಲವು ಟಿವಿಲಿ ಆಪ್ಟಿಕಲ್ ಆರಿಸಿದ್ರೆ ಟಿವಿ ಸ್ಪೀಕರ್ ಬಂದ್ ಆಗ್ತದೆ, ಅಪ್ಪಾಜಿಗೆ ಕೇಳ್ತದೆ ಮನೆಯವ್ರಿಗೆಲ್ಲ ಮೂಕಿ ಟಿವಿ. ಎರಡೂ ಒಟ್ಟಿಗೆ ಅನ್ನೋ ಆಪ್ಶನ್ ಇದ್ರೆ ಹಾಕಿ, ಇಲ್ಲಾಂದ್ರೆ ಸೆಟ್‌ಟಾಪ್ ಬಾಕ್ಸಿನ ಕೆಂಪು ಬಿಳಿ ಪಿನ್‌ನಿಂದ ಸ್ಟ್ರೀಮರ್‌ಗೆ ವೈರ್ ಕೊಡಿ, ಟಿವಿ ತನ್ನ ಪಾಡಿಗೆ ಎಚ್‌ಡಿಎಂಐಲಿ ಓಡ್ತದೆ. ಟಿವಿ ಸೌಂಡು ಮನೆಯವ್ರಿಗೆ 15, ಅವರ ಕಿವಿಗೆ ಅವರಿಗೆ ಬೇಕಾದಷ್ಟು.

15 ಸಾವಿರ ಜಾಸ್ತಿ ಆಯ್ತು ಅಂದ್ರೆ ಒಂದು ಸಣ್ಣ ಸ್ಪೀಕರ್ ಅವರ ಕುರ್ಚಿ ಪಕ್ಕ ಇಡಿ, ವೈರಿಂದಲೇ ಕೊಡಿ. ದೂರದ ಸೌಂಡ್ ಗೋಡೆಗೆ ಬಡ್ದು ಬರೋದಕ್ಕೂ ಪಕ್ಕದಲ್ಲೇ ಬರೋದಕ್ಕೂ ಭಾಳ ವ್ಯತ್ಯಾಸ.

ಪಿಜೆ_ಸೊಸೆ:

ನಮ್ಮತ್ತೆಗೂ ಮಷಿನ್ ಇದೆ, ಆದ್ರೆ ಮನೇಲಿ ಹಾಕೋದೇ ಇಲ್ಲ, ಮದುವೆಗೆ ಮಾತ್ರ ಸರದ ಜೊತೆ ಹಾಕ್ತಾರೆ. ಒಬ್ರೇ ಇದ್ದಾಗ ಕುಕ್ಕರ್ ಸೀಟಿ ಕೇಳಲ್ಲ, ಎರಡು ಸಲ ಬೇಳೆ ತಳ ಹಿಡಿದು ಮನೆ ತುಂಬಾ ಹೊಗೆ. ನನ್ನ ಮಗ ಐಫೋನಲ್ಲಿ ಸೌಂಡ್ ರೆಕಗ್ನಿಷನ್ ಅಂತ ಇದೆ ಅಂತ ತೋರ್ಸಿದ, ನಮ್ಮ ಕಾಲಿಂಗ್ ಬೆಲ್ಲನ್ನೇ ಅದಕ್ಕೆ ಕೇಳ್ಸಿ ಕಲಿಸ್ಬಹುದು, ಬೆಲ್ ಹೊಡೆದ್ರೆ ಫೋನ್ ಗುರ್ರ್ ಅಂತದೆ, ಸ್ಕ್ರೀನ್ ಮೇಲೂ ಬರ್ತದೆ. ಸೀಟಿನೂ ಕಲಿಸಿದ್ವಿ, ಅದು ಮಾತ್ರ ಒಂದು ಹಿಡೀತದೆ ಒಂದು ಬಿಡ್ತದೆ, ಈಗ ಸೀಟಿ ಲೆಕ್ಕ ಬಿಟ್ಟು ಟೈಮರ್ ಇಡೋದು ರೂಢಿ ಮಾಡಿದೀವಿ. ಗ್ಯಾಸ್ ಮುಂದೆ ಫೋನ್ ನಂಬ್ಕೊಂಡು ಕೂರ್ಬೇಡಿ ಅಂತ ನನ್ನ ಮಾತು.

ಆಂಡ್ರಾಯ್ಡಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಅಂತ ಗೂಗಲ್‌ದು ಫ್ರೀ ಆಪ್ ಇದೆ, 2019ರಲ್ಲಿ ಬಂದಿದ್ದು, ಎದುರಿನವ್ರು ಮಾತಾಡಿದ್ದು ಕನ್ನಡದಲ್ಲೇ ಅಕ್ಷರ ಆಗಿ ಬರ್ತದೆ. ಡಾಕ್ಟರ್ ಹತ್ರ, ಬ್ಯಾಂಕಲ್ಲಿ ಭಾಳ ಉಪಯೋಗ. ಟಿವಿ ವಾರ್ತೆ ಕನ್ನಡ ಚೆನ್ನಾಗಿ ಹಿಡೀತದೆ, ನಮ್ಮತ್ತೆ ತವರು ಜಗಳೂರು, ಆ ಮಾತಿಗೆ ಒದ್ದಾಡ್ತದೆ. ನಿನ್ನೆ "ಮಂಡಕ್ಕಿ ಒಗ್ಗರಣೆ ಹಾಕು" ಅಂದಿದ್ದಕ್ಕೆ "ಮಂಡ್ಯಕ್ಕೆ ಒಬ್ಬರನ್ನೇ ಹಾಕು" ಅಂತ ಬರೀತು.

ಮಂಡಿಪೇಟೆ_ಮಾವ:

ಮಂಡ್ಯಕ್ಕ ಯಾರನ್ನ ಹಾಕಿದ್ರಿ ಮತ್ತ 😀

ಲ್ಯಾಂಡ್‌ಲೈನ್ ನಮ್ಮ ಅಂಗಡ್ಯಾಗ ಇನ್ನೂ ಐತಿ, ಟಿ ಸ್ವಿಚ್ ಹಾಕಿ ನೋಡ್ದೆ. ಹರಪನಹಳ್ಳಿ ಬೀಗರು ಇಷ್ಟು ಮೆತ್ತಗ ಮಾತಾಡ್ತಾರ ಅಂತ ಈಗ ಗೊತ್ತಾತು, ಇಷ್ಟು ದಿನ ನಾನು ಕೂಗ್ತಿದ್ದೆ ಅಂತ ಅವ್ರೂ ಕೂಗ್ತಿದ್ರು.

ವಿದ್ಯಾನಗರದ_ಮಗಳು:

ಎರಡು ವಾರ ಆದ್ಮೇಲೆ ಬಂದೆ. ಟಿವಿ ಸ್ಟ್ರೀಮರ್ ತಗೊಂಡ್ವಿ, ಸೀನಣ್ಣ ಹೇಳಿದ ಪಿಸಿಎಂ ಮಾಡಿದ ತಕ್ಷಣ ಬಂತು, ವಾಲ್ಯೂಮ್ 12. ಎದುರು ಮನೆಯವ್ರು "ಟಿವಿ ಕೆಟ್ಟೈತಾ" ಅಂತ ಕೇಳಿದ್ರು.

ಆದ್ರೆ ಈಗ ಅಮ್ಮಂದು ಹೊಸ ಜಗಳ. ಮುಂಚೆ ಟಿವಿ ಜೋರು ಅಂತ ಬೈತಿದ್ರು, ಈಗ "ಕರೆದ್ರೆ ತಿರುಗಿ ನೋಡಲ್ಲ, ಮುಂಚಿನ ಕಿವುಡೇ ವಾಸಿ ಇತ್ತು" ಅಂತಾರೆ. ನಿಜಕ್ಕೂ ಅಪ್ಪಾಜಿ ಟಿವಿ ಮುಂದೆ ಕೂತ್ರೆ ಲೋಕನೇ ಬಂದ್. ಮೊನ್ನೆ ಗ್ಯಾಸ್ ಸಿಲಿಂಡರಿನವ್ನು ಬೆಲ್ ಹೊಡೆದು ಹೊಡೆದು ವಾಪಸ್ ಹೋದ, ಅಮ್ಮ ಮಹಡಿ ಮೇಲಿದ್ರು. ಅಮ್ಮನ ಅನುಮಾನ ಏನಂದ್ರೆ ಅವ್ರಿಗೆ ಕೇಳ್ತದೆ, ಬೇಕಂತಲೇ ಸುಮ್ನಿರ್ತಾರೆ ಅಂತ.

ಕಿವಿಶಾಸ್ತ್ರ:

ಅಮ್ಮನ ಅನುಮಾನಕ್ಕೆ ನನ್ನ ಹತ್ರ ಔಷಧಿ ಇಲ್ಲ ಮೇಡಂ. ಉಳಿದದ್ದಕ್ಕಿದೆ. ಸ್ಟ್ರೀಮಿಂಗ್ ಶುರುವಾದ ಕೂಡಲೇ ಮಷಿನ್ ತನ್ನ ಹೊರಗಿನ ಮೈಕನ್ನ ತಗ್ಗಿಸ್ತದೆ, ಟಿವಿ ಮಾತು ಸ್ಪಷ್ಟ ಆಗ್ಲಿ ಅಂತ. ಎಷ್ಟು ತಗ್ಗಿಸ್ಬೇಕು ಅನ್ನೋದು ಕೈಲಿದೆ, ಹೆಚ್ಚಿನ ಆಪ್‌ಗಳಲ್ಲಿ ಟಿವಿ ಓಡ್ತಿರುವಾಗ ಒಂದು ಪಟ್ಟಿ ಬರ್ತದೆ, ಒಂದು ತುದಿ ಟಿವಿ ಇನ್ನೊಂದು ತುದಿ ಸುತ್ತಮುತ್ತ, ಅದನ್ನ ಸುತ್ತಮುತ್ತ ಕಡೆ ಸ್ವಲ್ಪ ಸರಿಸಿ. ಆಪಲ್ಲಿ ಇಲ್ಲದಿದ್ರೆ ಫಿಟಿಂಗ್ ಮಾಡಿದವ್ರ ಹತ್ರ ಹೋಗಿ ಕಂಪ್ಯೂಟರಲ್ಲಿ ಬದಲಾಯಿಸಿ ಕೊಡಿ ಅನ್ನಿ.

ಸ್ಟ್ರೀಮಿಂಗ್ ಜಾಸ್ತಿ ಆದ್ರೆ ಚಾರ್ಜ್ ಬೇಗ ಇಳೀತದೆ, ಕ್ರಿಕೆಟ್ ಮ್ಯಾಚ್ ಪೂರ್ತಿ ನೋಡಿದ ದಿನ ರಾತ್ರಿ ಊಟಕ್ಕೇ ಖಾಲಿ ಆದ್ರೆ ಗಾಬರಿ ಬೇಡ. ಕಿವಿಲಿ ಸೌಂಡ್ ಕಮ್ಮಿ ಅನಿಸಿದ್ರೆ ಮೊದಲು ತುದಿಯ ಬಿಳಿ ಜರಡಿ ನೋಡಿ, ಗುಗ್ಗೆ ತುಂಬಿರ್ತದೆ. ಬ್ಲೂಟೂತ್ ಕಂಪ್ಲೇಂಟ್ ಅಂತ ನಮ್ಮ ಹತ್ರ ತರೋದರಲ್ಲಿ ಎಷ್ಟೋ ಗುಗ್ಗೆ ಕಂಪ್ಲೇಂಟೇ. ರಾತ್ರಿ ತೆಗೆದಾಗ ಬಟ್ಟೇಲಿ ಒರೆಸಿ ಚಾರ್ಜಿಗಿಡಿ.

ಕೋಟೆನಾಡು_ಕರಿಯ:

ಸೆಲ್ ಹಾಕೋ ಮಷಿನ್ ಇರೋರಿಗೆ ಒಂದು ಮಾತು, ಅದರ ಸ್ಟಿಕ್ಕರ್ ಕಿತ್ತ ತಕ್ಷಣ ಒಳಗೆ ತುರುಕ್ಬೇಡಿ, ಅದು ಜಿಂಕ್ ಏರ್ ಸೆಲ್, ಗಾಳಿ ಕುಡ್ದೇ ಕರೆಂಟ್ ಕೊಡೋದು, ಮೂರ್ನಾಕು ನಿಮಿಷ ಬಿಟ್ಟು ಹಾಕಿ. ಸ್ಟಿಕ್ಕರ್ ವಾಪಸ್ ಅಂಟಿಸಿ ಉಳಿಸ್ತೀನಿ ಅಂದ್ರೂ ಉಳಿಯಲ್ಲ. ನಾನು ಮೊದಲ ವರ್ಷ ಇಡೀ ಪ್ಯಾಕೆಟ್ ಸ್ಟಿಕ್ಕರ್ ಕಿತ್ತು ಡಬ್ಬಿಲಿ ಜೋಡ್ಸಿಟ್ಟಿದ್ದೆ, ರೆಡಿ ಇರ್ಲಿ ಅಂತ.

ವಿದ್ಯಾನಗರದ_ಮಗಳು:

ಪಟ್ಟಿ ಸಿಕ್ತು, ಸರಿಸಿದೆ. ಅಮ್ಮ ಅಡುಗೆ ಮನೆಯಿಂದ "ಕಾಫಿ ಬೇಕಾ" ಅಂದ್ರು, ಅಪ್ಪಾಜಿ ಟಿವಿ ನೋಡ್ತಾನೇ "ಹ್ಞೂ" ಅಂದ್ರು. "ಕರಿಬೇವು ತಂದ್ಕೊಡಿ" ಅಂದಾಗ ಮಾತ್ರ ಉತ್ತರ ಬರ್ಲಿಲ್ಲ. ಹಂಗಾಗಿ ಅಮ್ಮನ ಕೇಸು ಇನ್ನೂ ನಡೀತಿದೆ.

ಕೊನೇದೊಂದು ಕೇಳ್ತೀನಿ. ನನ್ನ ಹಳೇ ಫೋನಲ್ವಾ, ಎಲ್ಲಾ ಗ್ರೂಪ್ ಮೆಸೇಜಿನ ಟಿಂಗ್ ಟಿಂಗ್ ಸೀದಾ ಅವರ ಕಿವಿಗೇ ಹೋಗ್ತಿದೆ. ದುಗ್ಗಮ್ಮನ ಗುಡಿಲಿ ಕಣ್ಮುಚ್ಚಿ ನಿಂತಿದ್ದಾಗ ಯಾರದೋ ಗುಡ್ ಮಾರ್ನಿಂಗ್ ಬಂದು ಬೆಚ್ಚಿಬಿದ್ರಂತೆ. ಕಾಲ್ ಮಾತ್ರ ಕಿವಿಗೆ ಬಂದು ಇವೆಲ್ಲ ಫೋನಲ್ಲೇ ಉಳಿಯೋ ಹಂಗೆ ಮಾಡ್ಬಹುದಾ?

ಕೋಟೆನಾಡು_ಕರಿಯ:

ಆಂಡ್ರಾಯ್ಡ್ 14 ಐತಾ ಅಕ್ಕ ಅದರಲ್ಲಿ? ಇದ್ರೆ ಅದೇ ಹಿಯರಿಂಗ್ ಡಿವೈಸಸ್ ಒಳಗೆ ಮಷಿನ್ ಹೆಸರು ಒತ್ತಿ, ಆಡಿಯೋ ಔಟ್‌ಪುಟ್ ಅಂತ ಸಿಗ್ತದೆ, ರಿಂಗ್‌ಟೋನು ನೋಟಿಫಿಕೇಶನ್ನು ಎರಡನ್ನೂ ಫೋನ್ ಸ್ಪೀಕರಿಗೆ ಹಾಕಿ, ಕಾಲ್ ಹಂಗೇ ಬಿಡಿ. ಅದಕ್ಕೂ ಮುಂಚೆ ಅವ್ರನ್ನ ಆ ಗುಡ್ ಮಾರ್ನಿಂಗ್ ಗ್ರೂಪಿಂದ ಹೊರಗೆ ತನ್ನಿ.

ವಿದ್ಯಾನಗರದ_ಮಗಳು:

14 ಇದೆ, ಸಂಜೆ ಮಾಡ್ತೀನಿ. ಗ್ರೂಪ್ ಬಿಡಲ್ವಂತೆ, ಅಡ್ಮಿನ್ ಅವ್ರೇ.